ಬಾಯಿಗೆ ಮೊದಲು ಬರುವ ಹೆಸರು

"ಕೋಳಿ ಅಂಕದ ಕೇಸಾ?" ಎಂದು ಸುಮಿತ್ ನಕ್ಕುಬಿಟ್ಟ. ಆದರೆ ಬಿಚ್ಚಿಟ್ಟ ಮೊಬೈಲಿನ ಮೇಲೆ ಆಡುತ್ತಿದ್ದ ಸಣ್ಣ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

ಝುಲೈಖ ನಗಲಿಲ್ಲ. ಕೌಂಟರಿನ ಈಚೆಯ ಎತ್ತರದ ಸ್ಟೂಲಿನ ಮೇಲೆ ಕುಳಿತು, ಅವನು ತರಿಸಿಕೊಟ್ಟ ಕರಕ್ ಚಹಾ ಆರುವುದನ್ನು ಕಾಯುತ್ತಿದ್ದಳು. ಶುಕ್ರವಾರದ ನಮಾಜು ಮುಗಿದು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಗಳು ಒಂದೊಂದಾಗಿ ಶಟರ್ ಎತ್ತುತ್ತಿದ್ದವು. ಗಿರಾಕಿಗಳು ಇನ್ನೂ ಬಂದಿರಲಿಲ್ಲ.

ಜೆಬೆಲ್ ಅಲಿಯ ಗೋದಾಮಿನಲ್ಲಿ ಹೊಸ ಕೆಲಸಕ್ಕೆ ಕಾದಿರುವ ರಿತೇಶನ ಹೆಸರಿನಲ್ಲಿ ಕಾರ್ಕಳದ ಕೋರ್ಟಿನಲ್ಲಿ ಹುಂಜಗಳ ಕಾಳಗದ ಜೂಜಿನ 2011ರ ಕೇಸೊಂದಿದೆ, ಆದರೆ ಆ ದಿನ ರಿತೇಶ್ ಊರಿನಲ್ಲೇ ಇರಲಿಲ್ಲ ಎಂಬಲ್ಲಿಗೆ ಹಿಂದಿನ ವಾರದ ಕಂತಿನಲ್ಲಿ ಬಂದು ನಿಂತಿದ್ದೆವು. ಈಗ ಝುಲೈಖಳ ಎದುರು ಕುಳಿತವನು ರಿತೇಶನ ಚಿಕ್ಕಮ್ಮನ ಮಗ. ನಮ್ಮ ಕಡೆಯ ಲೆಕ್ಕದಲ್ಲಿ ತಮ್ಮನೇ. ಮುಖ ನೋಡಿದರೆ ಇಬ್ಬರೂ ಒಂದೇ ಅಚ್ಚಿನಲ್ಲಿ ತೆಗೆದವರು.

"ಅಕ್ಕ, ನಮ್ಮ ಊರಲ್ಲಿ ಕೋಳಿ ಅಂಕದ ಕೇಸಿಲ್ಲದ ಮನೆ ಯಾವುದುಂಟು ಹೇಳಿ" ಎಂದ ಸುಮಿತ್. "ಅದಕ್ಕೆ ನೀವು ದುಬೈಯಿಂದ ಇಲ್ಲಿವರೆಗೆ ಬಸ್ಸಲ್ಲಿ ಬಂದದ್ದಾ?"

"ಕೇಸು ಉಂಟು ಅಂತ ಬಂದದ್ದಲ್ಲ. ಅದು ಯಾರ ಹೆಸರಲ್ಲಿ ಉಂಟು ಅಂತ ಬಂದದ್ದು."

ಝುಲೈಖ ಒಂದು ಕಾಲದಲ್ಲಿ ಬಂಟ್ವಾಳದ ಕೋರ್ಟಿನಲ್ಲಿ ವಕೀಲೆ. ಈಗ ಊದ್ ಮೇಥಾದ ಒಂದು ಪರಿಶೀಲನಾ ಕಚೇರಿಯಲ್ಲಿ ಕೆಲಸ. ಕೆಲಸಕ್ಕೆ ಸೇರುವವರು ಊರಿನಲ್ಲಿ ಏನು ಬಿಟ್ಟು ಬಂದಿದ್ದಾರೆಂದು ಹುಡುಕಿ ಕಂಪನಿಗಳಿಗೆ ವರದಿ ಕೊಡುವುದು. ಆ ವರ್ಷ, ಅಂದರೆ 2018ರ ಮೊದಲ ತಿಂಗಳುಗಳಲ್ಲಿ, ಇಬ್ಬರು ಊರವರು ಸಿಕ್ಕರೆ ಪೊಲೀಸ್ ಸರ್ಟಿಫಿಕೇಟಿನದ್ದೇ ಮಾತು. ಹೊಸದಾಗಿ ಬರುವವರಿಗೆ ಸರ್ಕಾರ ಅದನ್ನು ಕಡ್ಡಾಯ ಮಾಡಿದ್ದೇ ತಡ, ಕೆಲವು ಕಂಪನಿಗಳು ಹಳಬರಿಗೂ ಊರಿನ ದಾಖಲೆ ತನ್ನಿ ಎನ್ನತೊಡಗಿದ್ದವು.

ರಿತೇಶ್ ಸಿಕ್ಕಿಕೊಂಡದ್ದು ಹಾಗೆ. ಹಳೆಯ ಕಂಪನಿ ಅವನ ವೀಸಾ ಕ್ಯಾನ್ಸಲ್ ಮಾಡಿಯಾಗಿದೆ. ಭಾನುವಾರ ಝುಲೈಖಳ ವರದಿಯಲ್ಲಿ ಆ ಕೇಸು ಹೋದರೆ ಹೊಸ ಕೆಲಸ ಖಲಾಸ್. ಅವನ ವೀಸಾದ ಮೇಲೆಯೇ ಇರುವ ಹೆಂಡತಿ ಸುಪ್ರೀತಾ, ಮೂರನೇ ಕ್ಲಾಸಿನ ಮಗಳು ಅಶ್ಮಿತಾ, ಮೂವರೂ ಸಾಮಾನು ಕಟ್ಟಬೇಕು.

ಸುಪ್ರೀತಾ ವಾರದ ಹಿಂದೆ ಕಚೇರಿಗೇ ಬಂದು ಕುಳಿತಿದ್ದಳು. ಅತ್ತಿರಲಿಲ್ಲ, ಗೋಗರೆದಿರಲಿಲ್ಲ. "ನನ್ನ ಗಂಡ ಅಂಥವರಲ್ಲ ಮೇಡಂ" ಎಂದಿದ್ದಳು ಅಷ್ಟೆ. ನೀರಿನ ಲೋಟ ಕೊಟ್ಟಾಗ ಎಡಗೈ ಚಾಚಲು ಹೋಗಿ, ಮೊಣಕೈ ಅರ್ಧಕ್ಕೇ ನಿಂತು, ಬಲಗೈಯಲ್ಲಿ ತೆಗೆದುಕೊಂಡಿದ್ದಳು. ಬಾತ್‌ರೂಮಿನಲ್ಲಿ ಜಾರಿ ಬಿದ್ದದ್ದಂತೆ, ಹಳೆಯದು. ಝುಲೈಖಳಿಗೆ ಆ ಹೆಂಗಸಿನ ಮೇಲೆ ಮಮತೆ ಹುಟ್ಟಿತ್ತು, ಅದನ್ನು ಮುಚ್ಚಿಡುವುದೇಕೆ?

"ಕಾರ್ಕಳದ ಕೇಸಿನಲ್ಲಿ ಆರೋಪಿಯ ಹೆಸರು ರಿತೇಶ್" ಎಂದಳು ಝುಲೈಖ. "ಅಪ್ಪನ ಹೆಸರು ಸರಿ ಉಂಟು. ಮನೆ ಮಾತ್ರ ಮೂಡುಬರ್ಕೆ ಅಂತ ಬರೆದಿದೆ."

"ಮೂಡುಬರ್ಕೆ ನಮ್ಮ ಮನೆಯೇ ಅಲ್ವಾ ಅಕ್ಕ."

"ನಿಮ್ಮಿಬ್ಬರ ಅಮ್ಮಂದಿರ ಮನೆ. ರಿತೇಶನ ಪಾಸ್‌ಪೋರ್ಟಿನಲ್ಲಿ ಇರುವುದು ಮುಲ್ಕಿ, ಅವರ ಅಪ್ಪನ ಮನೆ. ಶಾಲೆ, ಬ್ಯಾಂಕು, ಕಂಪನಿ, ಎಲ್ಲ ಕಡೆ ಮುಲ್ಕಿಯೇ. ಅವರನ್ನು ಮೂಡುಬರ್ಕೆಯ ರಿತೇಶ್ ಅಂತ ಹೇಳುವವರು ಯಾರು? ಆ ಮನೆಯ ಜಗಲಿಯಲ್ಲಿ ಒಟ್ಟಿಗೆ ಉಂಡವರು."

ಸುಮಿತ್ ಸ್ಕ್ರೂಡ್ರೈವರನ್ನು ಕೆಳಗಿಟ್ಟ.

"ಇನ್ನೊಂದುಂಟು" ಎಂದಳು ಝುಲೈಖ. "ಹೆಸರು ಅವರದ್ದು, ವಯಸ್ಸು ಅವರದ್ದಲ್ಲ. ಮೂರು ವರ್ಷ ಕಡಿಮೆ. ಸುಳ್ಳು ಹೆಸರು ಹೇಳುವವರು ಹೆಸರಿನ ಬಗ್ಗೆ ಮಾತ್ರ ಯೋಚನೆ ಮಾಡ್ತಾರೆ ಸುಮಿತ್. ವಯಸ್ಸು ಕೇಳಿದರೆ ಬಾಯಿ ತನ್ನದನ್ನೇ ಹೇಳಿಬಿಡ್ತದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಹೆಚ್ಚು. ಸುಮಿತ್ ಹಾಗೆ ಮಾಡಲಿಲ್ಲ. ತಲೆ ಕೆರೆದುಕೊಂಡು, ಸಿಕ್ಕಿಬಿದ್ದ ಶಾಲೆಯ ಹುಡುಗನ ಹಾಗೆ ಹಲ್ಲು ಬಿಟ್ಟ.

"ನಾನೇ ಅಕ್ಕ."

"ಹೇಳಿ."

"ಎಂತ ಹೇಳುವುದು? ಕೊಯ್ಲಾದ ಗದ್ದೆ. ಜನ ಅಂದ್ರೆ ಜನ. ಜೀಪು ಬಂತು ನೋಡಿ, ಚಪ್ಪಲಿ, ಬೈಕು, ಪಂಚೆ, ಎಲ್ಲ ಬಿಟ್ಟು ಓಡಿದ್ರು. ನಾನೂ ಓಡ್ತಿದ್ದೆ. ಕಂಕುಳಲ್ಲಿ ಹುಂಜ ಇತ್ತು. ಕೆಂಪು ಮೈಯ ಹುಂಜ, ಒಂದು ವರ್ಷ ಸಾಕಿದ್ದು. ಅದನ್ನು ಬಿಸಾಡಿ ಓಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಸಿಕ್ಕಿಬಿದ್ದೆ."

"ಹುಂಜ?"

"ಕೋರ್ಟಿನವರು ಏಲಂ ಹಾಕಿದ್ರಂತೆ. ಯಾರ ಸಾರಿಗೆ ಹೋಯ್ತೋ." ಅವನ ಮುಖದಲ್ಲಿ ನಿಜವಾದ ದುಃಖ ಕಂಡದ್ದು ಆಗಲೇ. "ಹೆಸರೆಂತ ಅಂತ ಕೇಳಿದ್ರು. ನಾನು ಆಗ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟಿದ್ದೆ. ನನ್ನ ಹೆಸರು ಹೇಳಿದ್ರೆ ಪಾಸ್‌ಪೋರ್ಟ್ ಮಾಫಿ, ಸಿಗುವುದೇ ಇಲ್ಲ. ಅಣ್ಣ ಇದ್ದದ್ದು ದುಬೈಯಲ್ಲಿ. ಗಲ್ಫಲ್ಲಿ ಇರುವವನನ್ನು ಯಾರು ಹಿಡಿಯುತ್ತಾರೆ ಅಂತ ಅವನ ಹೆಸರು ಹೇಳಿದೆ."

"ಯಾರದ್ದೋ ಒಂದು ಹೆಸರು ಹೇಳಬಹುದಿತ್ತಲ್ಲ, ಇಲ್ಲದ ಮನುಷ್ಯನದ್ದು?"

"ಅದು ಈಗ ಇಲ್ಲಿ ಎಸಿಯಲ್ಲಿ ಕೂತು ಹೇಳ್ಲಿಕ್ಕೆ ಆಗ್ತದೆ." ಸುಮಿತ್ ಮೊದಲ ಸಲ ಗಂಭೀರನಾದ. "ಆ ಗಳಿಗೆಯಲ್ಲಿ ಬಾಯಿಗೆ ದೂರದವರ ಹೆಸರು ಬರುವುದೇ ಇಲ್ಲ ಅಕ್ಕ. ಹತ್ತಿರದವರದ್ದೇ ಬರುವುದು."

ಝುಲೈಖಳಿಗೆ ಆ ಮಾತು ಯಾಕೋ ಹಿಡಿಸಿತು. ಚಹಾ ಕುಡಿದಳು.

ಸಮನ್ಸು ಮೂಡುಬರ್ಕೆಗೆ ಹೋಗಿತ್ತು. ರಿತೇಶನ ಅಮ್ಮ, ಸುಮಿತ್‌ನ ದೊಡ್ಡಮ್ಮ, "ಅವ ದುಬೈಯಲ್ಲಿದ್ದಾನೆ" ಎಂದಿದ್ದರು. ಪಾಪ, ಅವರು ಹೇಳಿದ್ದು ನಿಜವೇ. ಸಮನ್ಸು ವಾರಂಟಾಯಿತು, ವಾರಂಟು ಹಳೆಯದಾಯಿತು. ಕೇಸು ಮಾತ್ರ ಸತ್ತಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಅದು ಬಾಯಿ ಮುಚ್ಚಿಕೊಂಡು ಕಾದಿತ್ತು.

"ರಿತೇಶನಿಗೆ ಇದು ಗೊತ್ತುಂಟಾ?"

"ನಾನು ಇಲ್ಲಿಗೆ ಬಂದ ವರ್ಷವೇ ಹೇಳಿದ್ದೆ. 2012ರಲ್ಲಿ. ನಕ್ಕ. ಪರವಾಗಿಲ್ಲ ಮಾರಾಯಾ, ನಿನ್ನ ಹೆಸರೂ ಒಂದು ದಿನ ನನಗೆ ಬೇಕಾದೀತು ಅಂದ."

"ಮೊನ್ನೆ ನನ್ನ ಎದುರು ಕೂತು ಏನೂ ಗೊತ್ತಿಲ್ಲ ಅಂದರಲ್ಲ."

"ನನ್ನನ್ನು ಹಿಡಿದುಕೊಡಬಾರದು ಅಂತ. ಅಣ್ಣ ಹಾಗೆಯೇ." ಸುಮಿತ್‌ನ ಕಣ್ಣಲ್ಲಿ ಅಭಿಮಾನವಿತ್ತು. "ನೀವು ಟೆನ್ಶನ್ ಮಾಡ್ಬೇಡಿ ಅಕ್ಕ. ನಾಳೆ ನಾನು ಊರಿಗೆ ಹೋಗ್ತಾ ಇದ್ದೇನೆ. ಕಾರ್ಕಳ ಕೋರ್ಟಿಗೆ ಹೋಗಿ, ಹೆಸರು ಸುಳ್ಳು ಕೊಟ್ಟದ್ದು ನಾನು ಅಂತ ಒಪ್ಪಿಕೊಂಡು ದಂಡ ಕಟ್ಟಿ ಬರ್ತೇನೆ. ಅತ್ತಿಗೆ ನಿನ್ನೆಯೇ ಟಿಕೆಟ್ ಮಾಡಿ ಕಳಿಸಿದ್ದಾರೆ."

"ನಿನ್ನೆಯೇ?"

"ಹೌದು. ಅತ್ತಿಗೆಗೆ ಅವಸರ. ಮಗು ಶಾಲೆ ಬಿಡ್ಬೇಕಾಗ್ತದೆ ಅಂತ."

ಝುಲೈಖ ಇಲ್ಲಿಗೆ ಬರುವುದು ಸುಪ್ರೀತಾಗೆ ಗೊತ್ತಿರಲಿಲ್ಲ. ಕೋಳಿ ಅಂಕದ ಹಿಂದೆ ಯಾರಿದ್ದಾರೆಂದು ಅವಳಿಗೆ ಮೊದಲೇ ಗೊತ್ತಿತ್ತೆಂದಾಯಿತು. ಗಂಡನನ್ನು ಉಳಿಸಿಕೊಳ್ಳಲು ಹೆಣ್ಣು ಇಷ್ಟು ಮಾಡದಿದ್ದರೆ ಹೇಗೆ ಎಂದುಕೊಂಡು ಝುಲೈಖ ಅದನ್ನು ಅಲ್ಲಿಗೆ ಬಿಟ್ಟಳು. ಮಮತೆ ಇದ್ದಲ್ಲಿ ಕಣ್ಣು ಮಂದವಾಗುತ್ತದೆ.

"ಊರಿಗೆ ಹೋಗದೆ ಎಷ್ಟು ಸಮಯವಾಯಿತು?"

"ಬಂದ ಮೇಲೆ ಒಂದೇ ಸಲ ಹೋದದ್ದು. 2016ರಲ್ಲಿ, ಅಮ್ಮ ತೀರಿಕೊಂಡಾಗ." ಅವನು ಎದ್ದು ಗಲ್ಲಾದ ಬೀಗ ತಿರುಗಿಸಿದ. "ಬಸ್‌ಸ್ಟ್ಯಾಂಡಿಗೆ ನಿಮ್ಮನ್ನು ಬಿಡುವ ಅಂದ್ರೆ ಕಾರಿಲ್ಲ. ಲೈಸೆನ್ಸೇ ಆಗ್ಲಿಲ್ಲ ಇನ್ನೂ. ಊರಿನ ಲೈಸೆನ್ಸ್ ತೋರಿಸಿದ್ರೆ ಇಲ್ಲಿ ಕ್ಲಾಸು ಕಡಿಮೆ ಮಾಡ್ತಾರೆ. ಅದನ್ನು ಮೂಡುಬರ್ಕೆಯ ಕಪಾಟಿನಲ್ಲಿ ಬಿಟ್ಟು ಬಂದಿದ್ದೆ. ಎಷ್ಟು ಸಲ ಫೋನ್ ಮಾಡಿದ್ರೂ ದೊಡ್ಡಮ್ಮನಿಗೆ ಸಿಗ್ಲೇ ಇಲ್ಲ."

"ಕಪಾಟು ನುಂಗಿತಾ?"

"ನುಂಗಿರ್ಬೇಕು. ಬನ್ನಿ, ಟ್ಯಾಕ್ಸಿ ಹಿಡಿದುಕೊಡ್ತೇನೆ."

ಟ್ಯಾಕ್ಸಿಯ ಬಾಗಿಲು ಹಾಕುವಾಗ ಝುಲೈಖ ಒಂದು ಮಾತು ಕೇಳಿದಳು. ಕೇಳಲೇಬೇಕೆಂದಲ್ಲ, ರೂಢಿ.

"ನಿಮ್ಮ ಅಪ್ಪನ ಮನೆ ಎಲ್ಲಿ?"

"ವೇಣೂರಿನ ಹತ್ತಿರ. ಬೆಳ್ತಂಗಡಿ ತಾಲೂಕು."

*

ದುಬೈ ಬಸ್ಸು ನಗರ ದಾಟುವಷ್ಟರಲ್ಲಿ ಮಾರ್ಟಿನಾ ಫೋನು ಮಾಡಿದಳು. ಝುಲೈಖಳ ಹತ್ತಿರವೇ ಕೆಲಸ ಕಲಿತವಳು, ಈಗ ಕಾರ್ಕಳದಲ್ಲಿ ವಕೀಲೆ. ಹುಂಜದ ಕಡತವನ್ನು ತೆಗೆಸಿ ನೋಡಿ, ವಯಸ್ಸಿನ ವಿಷಯ ಹೇಳಿದವಳು ಅವಳೇ.

"ಒಪ್ಪಿಕೊಂಡರಾ ಮೇಡಂ? ಒಳ್ಳೆಯದಾಯ್ತು. ಸೋಮವಾರ ನಾನು ಹಾಜರುಪಡಿಸ್ತೇನೆ." ಸ್ವಲ್ಪ ತಡೆದು ಕೇಳಿದಳು. "ಅವರ ಸ್ವಂತ ಹೆಸರಲ್ಲಿ ಬೇರೆ ಕೇಸು ಉಂಟಾ ಅಂತ ನೋಡಿದ್ರಾ?"

"ಕಾರ್ಕಳದಲ್ಲಿ ನೋಡಿದೆ. ಇಲ್ಲ."

"ಎರಡೂ ತಾಲೂಕು ನೋಡ್ಬೇಕು ಅಂತ ನನಗೆ ಬೈದು ಕಲಿಸಿದವರು ನೀವು."

ನಿಜ. ಪೊಲೀಸ್ ಸರ್ಟಿಫಿಕೇಟ್ ಎಂದರೆ ಜನ ಹೆದರುತ್ತಾರೆ, ಆದರೆ ಅದು ವಿಳಾಸದ ಠಾಣೆಗೆ ಗೊತ್ತಿದ್ದಷ್ಟನ್ನೇ ಹೇಳುತ್ತದೆ. ಕೇಸು ಮನುಷ್ಯನ ಹಿಂದೆ ಓಡಾಡುವುದಿಲ್ಲ. ಎಲ್ಲಿ ನಡೆಯಿತೋ ಆ ತಾಲೂಕಿನ ಕೋರ್ಟಿನಲ್ಲೇ ಕುಳಿತಿರುತ್ತದೆ. ಅದು ಎಲ್ಲರಿಗೂ ತೆರೆದಿಟ್ಟ ದಾಖಲೆ. ಆದರೆ ಯಾವ ಜಿಲ್ಲೆ, ಯಾವ ಕೋರ್ಟು, ಯಾವ ವರ್ಷ ಎಂದು ಕೇಳುವವನಿಗೆ ಗೊತ್ತಿರಬೇಕು. ಗೊತ್ತಿಲ್ಲದವನ ಪಾಲಿಗೆ ತೆರೆದಿಟ್ಟದ್ದೂ ಬೀಗ ಹಾಕಿದ್ದೂ ಒಂದೇ.

ಕರಾವಳಿಯವರ ವಿಷಯದಲ್ಲಂತೂ ಝುಲೈಖಳದ್ದು ಒಂದೇ ಸೂತ್ರ. ಕಾಗದದಲ್ಲಿ ಅಪ್ಪನ ತಾಲೂಕು ಇರುತ್ತದೆ, ಹುಡುಗಾಟವೆಲ್ಲ ಅಮ್ಮನ ತಾಲೂಕಿನಲ್ಲಿ ನಡೆದಿರುತ್ತದೆ. ಚೊಚ್ಚಲ ಹೆರಿಗೆ ತಾಯಿಮನೆಯಲ್ಲಿ, ಬೇಸಗೆ ರಜೆ ತಾಯಿಮನೆಯಲ್ಲಿ, ಭೂತದ ಕೋಲ ತಾಯಿಮನೆಯಲ್ಲಿ. ಆದ್ದರಿಂದ ಎರಡನ್ನೂ ನೋಡಬೇಕು. ರಿತೇಶನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಕಾರ್ಕಳ ಎಂದಿದ್ದುದನ್ನು ಹಿಡಿದೇ ಅವಳು ಹುಂಜದವರೆಗೆ ಹೋದದ್ದು. ಸುಮಿತ್‌ನದು ತಿರುಗುಮುರುಗು. ಅಮ್ಮನ ತಾಲೂಕು ಮುಗಿದಿತ್ತು, ಅಪ್ಪನದು ಉಳಿದಿತ್ತು.

ಫೋನಿನಲ್ಲೇ ಕೋರ್ಟಿನ ವೆಬ್‌ಸೈಟು ತೆರೆದಳು. ಕೋರ್ಟಿನ ವೆಬ್‌ಸೈಟೂ ಕೋರ್ಟಿನ ಹಾಗೆಯೇ. ಒಂದು ಸಲಕ್ಕೆ ಬಾಗಿಲು ತೆಗೆಯುವುದಿಲ್ಲ, ಅಂಕುಡೊಂಕು ಅಕ್ಷರ ತೋರಿಸಿ ಇದೇನೆಂದು ಕೇಳುತ್ತದೆ, ಸರಿಯಾಗಿ ಹೇಳಿದರೂ ಅಲ್ಲ ಎನ್ನುತ್ತದೆ. ದಕ್ಷಿಣ ಕನ್ನಡ. ಬೆಳ್ತಂಗಡಿ. ಸುಮಿತ್. 2011, ಇಲ್ಲ. 2012, ಇಲ್ಲ. 2013ರಲ್ಲಿ ಇಬ್ಬರು ಸುಮಿತರಿದ್ದರು, ಅಪ್ಪಂದಿರು ಬೇರೆ.

2014ರಲ್ಲಿ ಅವನಿದ್ದ. ಅಪ್ಪನ ಹೆಸರು ಸರಿ, ವೇಣೂರಿನ ವಿಳಾಸ ಸರಿ.

ಕೆಳಗಿದ್ದ ಸೆಕ್ಷನ್‌ಗಳನ್ನು ಓದಿದಾಗ ಝುಲೈಖ ಬೆನ್ನು ನೇರ ಮಾಡಿ ಕುಳಿತಳು. ವಕೀಲಿಕೆ ಬಿಟ್ಟು ವರ್ಷಗಳಾದರೂ ಕೆಲವು ಸಂಖ್ಯೆಗಳು ಮರೆಯುವುದಿಲ್ಲ. ಅಜಾಗರೂಕತೆಯ ಚಾಲನೆ. ಒಬ್ಬರಿಗೆ ತೀವ್ರ ಗಾಯ. ಒಬ್ಬರ ಸಾವು. ಘಟನೆ ಏಪ್ರಿಲ್ ತಿಂಗಳಿನದ್ದು. ಆರೋಪಿ ಹಾಜರಿಲ್ಲ, ವಾರಂಟ್ ಇದೆ.

ಸುಮಿತ್ 2012ರಿಂದ ಅಬುಧಾಬಿಯಲ್ಲಿದ್ದಾನೆ. ಹೋದದ್ದು ಒಂದೇ ಸಲ, 2016ರಲ್ಲಿ.

2014ರ ಏಪ್ರಿಲ್‌ನಲ್ಲಿ ಊರಿಗೆ ಹೋದವರು ಯಾರೆಂದು ಹುಡುಕಲು ಅವಳು ಬೇರೆಲ್ಲಿಗೂ ಹೋಗಬೇಕಾಗಿರಲಿಲ್ಲ. ರಿತೇಶನ ಪಾಸ್‌ಪೋರ್ಟಿನ ಪ್ರತಿಯನ್ನು ವಾರದಿಂದ ನೋಡಿ ನೋಡಿ ಅವಳಿಗೆ ಬಾಯಿಪಾಠವಾಗಿತ್ತು. ಆ ತಿಂಗಳು ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದ ಸ್ಟ್ಯಾಂಪು ಅದರಲ್ಲಿತ್ತು.

ಒಂದು ಸ್ಟ್ಯಾಂಪಿನಿಂದ ಏನೂ ಆಗುವುದಿಲ್ಲ. ಆ ತಿಂಗಳು ಊರಿಗೆ ಹೋದವರು ಅರ್ಧ ಗಲ್ಫ್. ಝುಲೈಖ ತನಗೆ ತಾನೇ ಹಾಗೆ ಹೇಳಿಕೊಂಡಳು. ಕಿಟಕಿಯ ಹೊರಗೆ ಮರಳು, ತಂತಿ ಬೇಲಿ, ಮತ್ತೆ ಮರಳು. ಅವಳಿಗೆ ಬಹಳ ಬೇಸರವಾಗಿತ್ತು.

ಮಾರ್ಟಿನಾಗೆ ಮತ್ತೆ ಫೋನು ಮಾಡಿದಳು. "ನಾಳೆ ಬೆಳಿಗ್ಗೆ ಬೆಳ್ತಂಗಡಿಗೆ ಹೋಗಲಿಕ್ಕೆ ಆಗ್ತದಾ?"

*

ಶನಿವಾರ ಬೆಳಿಗ್ಗೆ ಊದ್ ಮೇಥಾದ ಕಚೇರಿಯಲ್ಲಿ ಝುಲೈಖ ಒಬ್ಬಳೇ ಇದ್ದಳು. ಸುಮಿತ್ ಮಾರ್ಟಿನಾಗೆ ಒಪ್ಪಿಸಬೇಕಾದ ವಕಾಲತ್ತಿ‌ಗೆ ಸಹಿ ಹಾಕಿ, ಇಲ್ಲಿಂದಲೇ ವಿಮಾನ ನಿಲ್ದಾಣಕ್ಕೆ ಹೊರಡುವುದೆಂದು ಮಾತಾಗಿತ್ತು.

ಅವನು ಒಬ್ಬನೇ ಬರಲಿಲ್ಲ. ಸುಪ್ರೀತಾ ಬಂದಳು, ಅವಳ ಹಿಂದೆ ಬಣ್ಣದ ಪುಸ್ತಕ ಹಿಡಿದ ಮಗಳು. ರಿತೇಶ್ ಪಾರ್ಕಿಂಗ್ ಸಿಗದೆ ಕೆಳಗೆ ಕಾರಿನಲ್ಲೇ ಉಳಿದಿದ್ದನಂತೆ.

"ಅಶ್ಮಿತಾ, ಆಂಟಿಗೆ ನಮಸ್ತೆ ಹೇಳು."

"ಹಾಯ್ ಆಂಟಿ" ಎಂದು ಮಗು ಮೂಲೆಯ ಸೋಫಾದಲ್ಲಿ ಕುಳಿತು ಬಣ್ಣ ಹಚ್ಚತೊಡಗಿತು.

ಸುಮಿತ್ ಹೊಸ ಶರ್ಟು ಹಾಕಿದ್ದ. ಊರಿಗೆ ಹೋಗುವ ಖುಷಿ ಮುಖದ ತುಂಬ. ಕೋರ್ಟಿಗೆ ಹೋಗುವವನೆಂದು ಯಾರೂ ಹೇಳುವಂತಿರಲಿಲ್ಲ. ಸುಪ್ರೀತಾ ಅವನ ಬ್ಯಾಗಿನ ಬದಿಯಲ್ಲಿ ಒಂದು ಡಬ್ಬಿ ಇಡುತ್ತಿದ್ದಳು.

"ಅತ್ತೆಗೆ ಖರ್ಜೂರ. ನಿಮಗೆ ದಾರಿಗೆ ಚಪಾತಿ ಉಂಟು ಸುಮಿತ್, ಮರೀಬೇಡಿ. ವಿಮಾನದಲ್ಲಿ ಕೊಡುವುದನ್ನು ನೀವು ತಿನ್ನುವುದಿಲ್ಲ."

"ನೋಡಿ ಅಕ್ಕ, ಜೈಲಿಗೆ ಹೋಗುವವನಿಗೆ ಬುತ್ತಿ" ಎಂದು ಸುಮಿತ್ ಹಾಸ್ಯ ಮಾಡಿದ.

ಸುಪ್ರೀತಾ ನಗಲಿಲ್ಲ. ಡಬ್ಬಿಯನ್ನು ಬಲಗೈಯಲ್ಲಿ ಒತ್ತಿ ಸರಿ ಮಾಡಿದಳು. ಎಡಗೈ ಮಡಚಿದ ಹಾಗೇ ಸೊಂಟದ ಬಳಿ ಇತ್ತು.

ಆಗ ಮಾರ್ಟಿನಾಳ ಫೋನು ಬಂತು. ಝುಲೈಖ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ಗಾಜಿನಲ್ಲಿ ಮೂವರೂ ಕಾಣುತ್ತಿದ್ದರು.

"ವಕಾಲತ್ತು ಇಲ್ಲದೆ ಪ್ರತಿ ಕೊಡುವುದಿಲ್ಲ ಅಂದ್ರು ಮೇಡಂ. ಓದ್ಲಿಕ್ಕೆ ಬಿಟ್ರು. ಹೇಳ್ಲಾ?"

"ಹೇಳು."

"ಸ್ಕೂಟರು. ರಸ್ತೆ ಬದಿಯಲ್ಲಿ ನಡೆದು ಬರುತ್ತಿದ್ದ ಚನಿಯ ಅಂತ ಒಬ್ಬರಿಗೆ ಬಡಿದದ್ದು. ವಯಸ್ಸಾದವರು. ಹೆಂಡತಿ ಕಟ್ಟಿದ ಬೀಡಿ ಕೊಟ್ಟು ವಾಪಸು ಬರುತ್ತಿದ್ದರಂತೆ. ಆಸ್ಪತ್ರೆಗೆ ಹೋಗುವಾಗ ದಾರಿಯಲ್ಲೇ ತೀರಿಕೊಂಡ್ರು. ಅವರ ಮಗಳು ಈಗಲೂ ಪ್ರತಿ ವಾಯಿದೆಯ ದಿನ ಕೋರ್ಟಿಗೆ ಬಂದು ಹೊರಗೆ ಬೆಂಚಿನಲ್ಲಿ ಕೂತಿರ್ತಾರಂತೆ. ಆರೋಪಿ ಬಂದನಾ ಅಂತ ಕೇಳ್ತಾರಂತೆ, ಹೋಗ್ತಾರಂತೆ. ಕ್ಲಾರ್ಕೇ ಹೇಳಿದ್ದು."

ಹುಂಜದ ಕೇಸಿಗೆ ನಕ್ಕಂತೆ ಇದಕ್ಕೆ ನಗಲಾಗುವುದಿಲ್ಲ.

"ಗುರುತು ಹೇಗೆ?" ಎಂದು ಕೇಳಿದಳು.

"ಡ್ರೈವಿಂಗ್ ಲೈಸೆನ್ಸ್ ತೋರಿಸಿದ್ದಾರೆ. ಅದು ಈಗಲೂ ಕಡತದಲ್ಲೇ ಉಂಟು. ಫೋಟೋ ಅವರದ್ದೇ ಇರ್ಬೇಕು, ನನಗೆ ಅವರ ಮುಖ ಗೊತ್ತಿಲ್ಲ. ಜಾಮೀನಿನಲ್ಲಿ ಬಿಟ್ಟಿದ್ದಾರೆ. ಅದರ ನಂತರ ಬಂದಿಲ್ಲ."

ಮೂಡುಬರ್ಕೆಯ ಕಪಾಟು ನುಂಗಿದ್ದು ಎಲ್ಲಿಗೆ ಹೋಗಿತ್ತೆಂದು ತಿಳಿಯಿತು. ಒಂದೇ ಅಚ್ಚಿನ ಎರಡು ಮುಖ. ಹೆಬ್ಬೆರಳಿನಷ್ಟಿರುವ ಹಳೆಯ ಫೋಟೋದಲ್ಲಿ ಯಾರು ಯಾರೆಂದು ಹೆತ್ತವರಿಗೆ ಮಾತ್ರ ತಿಳಿದೀತು.

"ಮೇಡಂ, ಒಂದು ಮಾತು" ಎಂದಳು ಮಾರ್ಟಿನಾ. "ಇದನ್ನು ನೋಡಿದ ಮೇಲೆ ಅವರು ಊರಿಗೆ ಬರುವುದು ನನಗೆ ಸರಿ ಕಾಣುವುದಿಲ್ಲ. ಕಾರ್ಕಳ ಒಂದು ಜಿಲ್ಲೆ, ಬೆಳ್ತಂಗಡಿ ಇನ್ನೊಂದು. ಒಬ್ಬರ ಕಡತ ಇನ್ನೊಬ್ಬರು ನೋಡುವುದಿಲ್ಲ, ಅದು ಇರ್ಲಿ. ಆದ್ರೆ ಸೋಮವಾರ ಕಾರ್ಕಳದ ಜಡ್ಜ್ ಎದುರು ನಿಂತು, ಪೊಲೀಸರಿಗೆ ಅಣ್ಣನ ಹೆಸರು ಹೇಳಿದ್ದು ನಾನೇ ಅಂತ ಒಪ್ಪಿಕೊಳ್ತಾರೆ. ಮುಂದೆ ಬೆಳ್ತಂಗಡಿಯಲ್ಲಿ ಹಿಡಿದಾಗ, ಅದು ನಾನಲ್ಲ, ಯಾರೋ ನನ್ನ ಹೆಸರು ಹೇಳಿದ್ದಾರೆ ಅಂದ್ರೆ ಯಾರು ನಂಬ್ತಾರೆ? ಪಾಸ್‌ಪೋರ್ಟ್ ತೋರಿಸಿ ಕೊನೆಗೆ ಬಿಡಿಸಿಕೊಳ್ಬಹುದು. ಅಷ್ಟರಲ್ಲಿ ಎಷ್ಟು ವರ್ಷವೋ. ಅಲ್ಲಿವರೆಗೆ ಅವರು ಊರು ಬಿಡುವಂತಿಲ್ಲ. ಅಂಗಡಿಯ ಕಥೆ ಮುಗೀತು."

ಗಾಜಿನಲ್ಲಿ ಸುಮಿತ್ ಮಗುವಿನ ಪಕ್ಕ ಕುಳಿತು ಆನೆಗೆ ಯಾವ ಬಣ್ಣ ಎಂದು ಕೇಳುತ್ತಿದ್ದ. "ಗ್ರೇ, ಚಿಕ್ಕಪ್ಪ. ಎಲಿಫೆಂಟ್ಸ್ ಆರ್ ಗ್ರೇ."

"ಗಾಯವಾದದ್ದು ಯಾರಿಗೆ?" ಝುಲೈಖ ದನಿ ತಗ್ಗಿಸಿ ಕೇಳಿದಳು.

"ಹಿಂದೆ ಕೂತವರಿಗೆ. ಆರೋಪಿಯ ಹೆಂಡತಿ ಅಂತ ಬರೆದಿದ್ದಾರೆ. ಎಡ ಮೊಣಕೈ ಮುರಿದಿದೆ. ಆಸ್ಪತ್ರೆಯ ಸರ್ಟಿಫಿಕೇಟ್ ಉಂಟು. ಹೆಸರು..." ಕಾಗದ ಮಗುಚಿದ ಸದ್ದು. "ಹೆಸರು ಅಶ್ಮಿತಾ."

ಝುಲೈಖ ಫೋನು ಕೆಳಗಿಟ್ಟಳು. ಎಲೆಕ್ಟ್ರಾ ಸ್ಟ್ರೀಟಿನ ಕೌಂಟರಿನ ಆಚೆಯಿಂದ ಸುಮಿತ್ ಹೇಳಿದ್ದು ನೆನಪಾಯಿತು. ಆ ಗಳಿಗೆಯಲ್ಲಿ ಬಾಯಿಗೆ ದೂರದವರ ಹೆಸರು ಬರುವುದಿಲ್ಲ. ಮುರಿದ ಕೈ ಹಿಡಿದುಕೊಂಡು ಮಲಗಿದ್ದವಳ ಬಾಯಿಗೆ ಬಂದದ್ದು, ಅಂದು ಅಜ್ಜಿಯ ಹತ್ತಿರ ಬಿಟ್ಟು ಬಂದಿರಬೇಕಾದ ಕೂಸಿನ ಹೆಸರು.

ಎಷ್ಟೋ ಜನರ ಸುಳ್ಳನ್ನು ಹುಡುಕಿ ತೆಗೆದಿದ್ದಾಳೆ ಝುಲೈಖ. ಇಷ್ಟು ನೋವಾದದ್ದು ಇದೇ ಮೊದಲು. ಸಿಟ್ಟೂ ಬಂತು. ಬುತ್ತಿ ಕಟ್ಟಿಕೊಟ್ಟು ಕಳಿಸುತ್ತಿದ್ದಾಳಲ್ಲ ಈ ಹೆಂಗಸು, ಚಪಾತಿ ಮರೆಯಬೇಡಿ ಎಂದು.

ಕುರ್ಚಿ ತಿರುಗಿಸಿದಳು.

"ಹೊತ್ತಾಯ್ತು ಮೇಡಂ" ಎಂದಳು ಸುಪ್ರೀತಾ. "ಸಹಿ ಎಲ್ಲಿ ಹಾಕ್ಬೇಕು ಅಂತ ತೋರಿಸಿದ್ರೆ ಹೊರಡ್ತೇವೆ. ಇವರು ಕೆಳಗೆ ಕಾಯ್ತಾ ಇದ್ದಾರೆ."

ಸುಮಿತ್ ಪೆನ್ನು ತೆಗೆದುಕೊಂಡು ಮೇಜಿನ ಬಳಿ ಬಂದ. ವಕಾಲತ್ತು ಅವನ ಮುಂದೆಯೇ ಇತ್ತು. ಝುಲೈಖ ಅದರ ಮೇಲೆ ಅಂಗೈ ಇಟ್ಟಳು.

"ಸುಮಿತ್, ನಿಮಗೆ ಮದುವೆಯಾಗಿದೆಯಾ?"

ಅವನು ನಕ್ಕ. "ಎಂತ ಅಕ್ಕ, ಹುಡುಗಿ ಉಂಟಾ ನಿಮ್ಮ ನೋಟದಲ್ಲಿ? ಅತ್ತಿಗೆ ಹುಡುಕಿ ಹುಡುಕಿ ಸೋತಿದ್ದಾರೆ."

"ಬೆಳ್ತಂಗಡಿಯಲ್ಲಿ ಒಂದು ಕಡತ ಉಂಟು. ಅದರ ಪ್ರಕಾರ ನಿಮಗೆ ಮದುವೆಯಾಗಿದೆ."

"ಬೆಳ್ತಂಗಡಿಯಲ್ಲಾ?" ಸುಮಿತ್ ಇನ್ನೂ ನಗುತ್ತಲೇ ಇದ್ದ. ಸುಪ್ರೀತಾಳ ಕಡೆ ತಿರುಗಿ, "ಕೇಳಿದ್ರಾ ಅತ್ತಿಗೆ?" ಎಂದ.

ಸುಪ್ರೀತಾ ಕೇಳಿದ್ದಳು. ಬ್ಯಾಗಿನ ಹಿಡಿಯ ಮೇಲಿದ್ದ ಅವಳ ಬಲಗೈ ನಿಧಾನವಾಗಿ ಬಂದು ಎಡ ಮೊಣಕೈಯನ್ನು ಮುಚ್ಚಿಕೊಂಡಿತು. ಅವಳು ಝುಲೈಖಳನ್ನು ನೋಡಲಿಲ್ಲ, ಸುಮಿತ್‌ನನ್ನೂ ನೋಡಲಿಲ್ಲ. ಸೋಫಾದ ಕಡೆ ನೋಡುತ್ತಿದ್ದಳು.

"ಹೆಂಡತಿಯ ಹೆಸರೂ ಉಂಟು ಅದರಲ್ಲಿ" ಎಂದಳು ಝುಲೈಖ. "ಹೆಸರು..."

"ಮೇಡಂ." ಸುಪ್ರೀತಾಳ ದನಿ ಮೇಜಿನ ಆಚೆಗೆ ಕೇಳುವಷ್ಟು ಮಾತ್ರ ಇತ್ತು. "ಅವಳ ಎದುರು ಬೇಡ."

ಸುಮಿತ್‌ನ ನಗು ಮುಖದಲ್ಲೇ ಉಳಿಯಿತು, ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿದಂತಿರಲಿಲ್ಲ. ಅತ್ತಿಗೆಯನ್ನು ನೋಡಿದ, ಝುಲೈಖಳನ್ನು ನೋಡಿದ, ಮತ್ತೆ ಅತ್ತಿಗೆಯ ಮೊಣಕೈಯನ್ನು ನೋಡಿದ. ಪೆನ್ನಿನ ಮುಚ್ಚಳ ಹಾಕಿದ.

"ಅಮ್ಮ, ವಾಟ್ ಹ್ಯಾಪನ್ಡ್?" ಎಂದು ಅಶ್ಮಿತಾ ತಲೆಯೆತ್ತಿದಳು.

ಕೆಳಗೆ ರಸ್ತೆಯಲ್ಲಿ ರಿತೇಶ್ ಹಾರ್ನ್ ಹೊಡೆದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಹೊಡೆದ. ಆಮೇಲೆ ಕಾರಿನ ಬಾಗಿಲು ಹಾಕಿದ ಸದ್ದು ಮೇಲಿನವರೆಗೆ ಕೇಳಿಸಿತು.